ಎರಡು ತಿಂಗಳ ಸೊನ್ನೆ: ಕೋಲಾರದ ಗಣಿಯಿಂದ ದ್ರವ ಕ್ಸೆನಾನಿನವರೆಗೆ

1960ರ ದಶಕದ ಮೊದಲ ವರ್ಷಗಳಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ ಒಂದು ವಿಚಿತ್ರ ಎಣಿಕೆ ನಡೆಯಿತು. ಜಪಾನಿನ ಎಸ್. ಮಿಯಾಕೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಸೇರಿ ಮ್ಯೂಆನ್ ಕಣಗಳನ್ನು ಎಣಿಸುವ ಉಪಕರಣವನ್ನು ಒಂದೊಂದೇ ಮಟ್ಟಕ್ಕೆ ಇಳಿಸುತ್ತ ಹೋದರು. ನೆಲದ ಮೇಲೆ ಈ ಕಣಗಳಿಗೆ ಬರವಿಲ್ಲ. ಆಕಾಶದಿಂದ ಸದಾ ಸುರಿಯುತ್ತಿರುತ್ತವೆ, ಅಂಗೈ ಅಗಲದ ಜಾಗದಲ್ಲೇ ನಿಮಿಷಕ್ಕೆ ನೂರರ ಆಸುಪಾಸು ಹಾದುಹೋಗುತ್ತವೆ. ಕೆಳಗಿಳಿದಂತೆ ಬಂಡೆ ಅವನ್ನು ನುಂಗುತ್ತದೆ, ಎಣಿಕೆ ಇಳಿಯುತ್ತದೆ. ಕೊನೆಗೆ ಎರಡೂಮುಕ್ಕಾಲು ಕಿಲೋಮೀಟರ್ ಆಳದಲ್ಲಿ ಉಪಕರಣ ಕೂತಿತು. ತಲೆಯ ಮೇಲಿನ ಬಂಡೆಯನ್ನು ನೀರಿಗೆ ಸಮ ಮಾಡಿ ಹೇಳುವುದಾದರೆ 8,400 ಮೀಟರ್ ನೀರಿನಡಿ ಇದ್ದಂತೆ. ಎರಡು ತಿಂಗಳು ಕಾದರು. ಒಂದೇ ಒಂದು ಕಣ ದಾಖಲಾಗಲಿಲ್ಲ.

ಸೊನ್ನೆ ಬಂದಾಗ ಭೌತವಿಜ್ಞಾನಿಗೆ ಎರಡು ಅನುಮಾನ ಹುಟ್ಟಬೇಕು. ನಿಜಕ್ಕೂ ಏನೂ ಬರಲಿಲ್ಲವೇ? ಅಥವಾ ಬಂದದ್ದು ಉಪಕರಣಕ್ಕೆ ತಿಳಿಯಲಿಲ್ಲವೇ? ಕೋಲಾರದಲ್ಲಿ ಉತ್ತರ ಸುಲಭವಾಗಿತ್ತು. ಅದೇ ಬಗೆಯ ಎಣಿಕೆ ಮೇಲಿನ ಮಟ್ಟಗಳಲ್ಲಿ ಸರಿಯಾಗಿ ನಡೆದಿತ್ತು. ಆದ್ದರಿಂದ ಆ ಸೊನ್ನೆಯನ್ನು ನಂಬಬಹುದಿತ್ತು. ನಂಬಿದ್ದರಿಂದಲೇ ಮುಂದಿನ ದೊಡ್ಡ ಪ್ರಯೋಗ ಸಾಧ್ಯವಾಯಿತು. ಐವತ್ತು ವರ್ಷ ಕಳೆದ ಮೇಲೆ ಇದೇ ಪ್ರಶ್ನೆ ದ್ರವ ಕ್ಸೆನಾನಿನ ಪಾತ್ರೆಗಳ ಸುತ್ತ ಎದ್ದಾಗ ಮಾತ್ರ ಉತ್ತರ ಅಷ್ಟು ಸಲೀಸಾಗಿ ಸಿಗಲಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೇ ಪರಸ್ಪರ ಜಗಳಕ್ಕೆ ನಿಂತರು.

ಕೋಲಾರದ ಕಥೆಯ ಬೇರು ಬೆಂಗಳೂರಿನಲ್ಲಿದೆ. 1939ರಲ್ಲಿ ರಜೆಗೆಂದು ಊರಿಗೆ ಬಂದ ಹೋಮಿ ಭಾಭಾ ಯುದ್ಧ ಶುರುವಾಗಿ ಕೇಂಬ್ರಿಜ್‌ಗೆ ಮರಳಲಾಗದೆ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ವಿಶ್ವಕಿರಣಗಳ ಅಧ್ಯಯನಕ್ಕೊಂದು ಘಟಕ ಕಟ್ಟಿದರು. ಟಾಟಾ ಸಂಸ್ಥೆ 1945ರ ಜೂನ್‌ನಲ್ಲಿ ಹುಟ್ಟಿದ್ದೂ ಬೆಂಗಳೂರಿನಲ್ಲೇ, ಮುಂಬಯಿಗೆ ಹೋದದ್ದು ಆ ವರ್ಷದ ಕೊನೆಗೆ. 1948ರಲ್ಲಿ ಆ ಸಂಸ್ಥೆಗೆ ಸೇರಿದವರಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಒಬ್ಬರು. 1925ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಹುಡುಗ. 1951ರಲ್ಲಿ ಭಾಭಾ ಈ ಶ್ರೀಕಂಠನ್ ಅವರನ್ನು ಕೋಲಾರಕ್ಕೆ ಕಳಿಸಿದರು. ಆಳಕ್ಕೆ ಹೋದಂತೆ ಮ್ಯೂಆನ್‌ಗಳು ಎಷ್ಟೆಷ್ಟು ಕಡಿಮೆಯಾಗುತ್ತವೆ ಎಂದು ಅಳೆದು ಬಾ ಎಂಬುದಷ್ಟೇ ಕೆಲಸ. ಇದೇ ಶ್ರೀಕಂಠನ್ 1975ರಿಂದ 1987ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. 2019ರಲ್ಲಿ ತೀರಿಕೊಂಡರು. ನಮ್ಮ ವಿಜ್ಞಾನಿಗಳ ಪಟ್ಟಿಯಲ್ಲಿ ಅವರ ಹೆಸರು ಇನ್ನಷ್ಟು ಮೇಲಿರಬೇಕಿತ್ತು ಎಂದು ನನಗೆ ಯಾವಾಗಲೂ ಅನಿಸಿದೆ.

ಚಿತ್ರದುರ್ಗದ ಕಡೆಯ ಓದುಗರು ಇಲ್ಲೊಂದು ಪ್ರಶ್ನೆ ಕೇಳಬಹುದು: ಗಣಿ ನಮ್ಮಲ್ಲಿಲ್ಲವೇ? ಇದೆ. ಕೋಲಾರದ ಚಿನ್ನದ ಪಟ್ಟಿ ಮತ್ತು ಚಿತ್ರದುರ್ಗದ ಪಟ್ಟಿ ಎರಡೂ ಒಂದೇ ಧಾರವಾಡ ಶಿಲಾವಲಯಕ್ಕೆ ಸೇರಿದ ಅತಿ ಹಳೆಯ ಬಂಡೆಗಳು. ಹಿರಿಯೂರು ತಾಲ್ಲೂಕಿನ ಐಮಂಗಲದ ಬಳಿ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿದಂತೆ ಹೆಪ್ಪುಗಟ್ಟಿದ ಲಾವಾ ಬಂಡೆಗಳಿವೆ, ವಯಸ್ಸು ಸುಮಾರು 250 ಕೋಟಿ ವರ್ಷ. ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಆದರೆ ಹೊಳಲ್ಕೆರೆ, ಹೊಸದುರ್ಗ ಸೀಮೆಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಅಗೆಯುವುದು ಬಯಲಲ್ಲಿ, ಬೆಟ್ಟದ ಮೈ ಕೆರೆದು. ದುರ್ಗದ ಪಕ್ಕದ ಇಂಗಳದಾಳಿನ ತಾಮ್ರದ ಗಣಿ ನೆಲದೊಳಗೆ ಇಳಿದದ್ದು ನಿಜವಾದರೂ ಕೋಲಾರದ ಆಳದ ಮುಂದೆ ಅದು ಲೆಕ್ಕಕ್ಕಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಕಿಲೋಮೀಟರುಗಟ್ಟಲೆ ದಪ್ಪದ ಬಂಡೆಯ ಚಾವಣಿ. ಆ ಕಾಲದಲ್ಲಿ ಅದು ಜಗತ್ತಿನಲ್ಲಿ ಸಿಗುತ್ತಿದ್ದದ್ದು ಕೆಲವೇ ಕಡೆ.

ಎರಡು ತಿಂಗಳ ಸೊನ್ನೆಯಿಂದ ಒಂದು ವಿಷಯ ಖಚಿತವಾಯಿತು: ಇಷ್ಟು ಆಳದಲ್ಲಿ ಆಕಾಶದ ಮ್ಯೂಆನ್ ಕಾಟ ಇಲ್ಲವೇ ಇಲ್ಲ ಎನ್ನಬಹುದು. ಹಾಗಾದರೆ ಇಲ್ಲಿ ನ್ಯೂಟ್ರಿನೊ ಹುಡುಕಬಹುದು. ನ್ಯೂಟ್ರಿನೊಗೆ ಬಂಡೆ ಅಡ್ಡಿಯಲ್ಲ, ಭೂಮಿಯನ್ನೇ ತೂರಿ ಹೋಗುತ್ತದೆ. ಅಪರೂಪಕ್ಕೊಮ್ಮೆ ಬಂಡೆಯ ಪರಮಾಣುವಿಗೆ ತಾಗಿ ಒಂದು ಮ್ಯೂಆನ್ ಹುಟ್ಟಿಸುತ್ತದೆ. ಅಳಿದುಳಿದ ಆಕಾಶದ ಮ್ಯೂಆನ್ ಬರುವುದಾದರೆ ನೆತ್ತಿಯ ಕಡೆಯಿಂದ ಬರಬೇಕು, ಏಕೆಂದರೆ ಬಂಡೆಯ ದಾರಿ ಅಲ್ಲೇ ಅತಿ ಗಿಡ್ಡ. ಅಡ್ಡಲಾಗಿ ಇಲ್ಲವೇ ಕೆಳಗಿನಿಂದ ಬಂದದ್ದು ನ್ಯೂಟ್ರಿನೊ ಹುಟ್ಟಿಸಿದ್ದೇ ಸೈ. ಅದಕ್ಕಾಗಿ ಉಪಕರಣವನ್ನು ಚಾಪೆಯಂತೆ ಹಾಸದೆ ಎದುರುಬದುರು ಎರಡು ಗೋಡೆಯಾಗಿ ನಿಲ್ಲಿಸಿದರು.

ಗೋಡೆಗಳ ಹೊರಮೈಗೆ ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆಗಳು. ಕಣ ಹಾದರೆ ಅವು ಮಿನುಗುತ್ತವೆ, ಆ ಬೆಳಕನ್ನು ಫೋಟೊಮಲ್ಟಿಪ್ಲೈಯರ್ ಕೊಳವೆಗಳು ಹಿಡಿಯುತ್ತವೆ. ನಡುವೆ ಸೀಸದ ಪದರ, ಸಾಲು ಸಾಲು ನಿಯಾನ್ ತುಂಬಿದ ಗಾಜಿನ ಕೊಳವೆ. ಎರಡೂ ಗೋಡೆ ಒಟ್ಟಿಗೆ ಮಿನುಗಿದರೆ ಆ ಕೊಳವೆಗಳಿಗೆ ಒಮ್ಮೆಲೇ ಹೆಚ್ಚಿನ ವೋಲ್ಟೇಜು ಕೊಡಬೇಕು. ಕಣ ಹಾದ ಕೊಳವೆಗಳಷ್ಟೇ ಕೆಂಪಗೆ ಹತ್ತಿಕೊಳ್ಳುತ್ತವೆ, ಕತ್ತಲಲ್ಲಿ ತೆರೆದಿಟ್ಟ ಕ್ಯಾಮೆರಾದಲ್ಲಿ ಕಣ ನಡೆದ ದಾರಿ ಅಚ್ಚಾಗುತ್ತದೆ. ನಿಯಾನ್ ಕೊಳವೆಯ ವಿದ್ಯೆ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಆರ್ನಲ್ಡ್ ವುಲ್ಫೆಂಡೇಲ್ ಗುಂಪಿನದು. ಮಿಯಾಕೆಯವರ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತೊಬ್ಬ ಪಾಲುದಾರ. ಭಾರತದ ಕಡೆಯಿಂದ ಎಂ.ಜಿ.ಕೆ. ಮೆನನ್, ಶ್ರೀಕಂಠನ್, ಆಚಾರ್, ನರಸಿಂಹಂ, ರಮಣಮೂರ್ತಿ. ಹಲಗೆ, ಸೀಸ, ಗಾಜು ಎಲ್ಲವನ್ನೂ ಗಣಿ ಕೆಲಸಗಾರರು ಓಡಾಡುವ ಕೇಜಿನಲ್ಲೇ ಇಳಿಸಬೇಕಿತ್ತು. ಈ ಸಲದ ಜಾಗ ಸೊನ್ನೆ ಸಿಕ್ಕ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಆದರೂ 2.3 ಕಿಲೋಮೀಟರ್ ಕೆಳಗೆ, ಸೆಕೆಯಲ್ಲಿ, ಗಾಜಿನ ಕೊಳವೆ ಜೋಡಿಸುತ್ತ ಕೂರುವುದು ಎಂಥ ಕೆಲಸ ಎಂದು ಗಣಿ ಕಂಡವರಿಗೆ ಗೊತ್ತು.

1965ರಲ್ಲಿ ಫಲ ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಕೋಲಾರದ ಫಿಲ್ಮಿನಲ್ಲಿ ಮೂಡಿತ್ತು. ಲೇಖನ ಪ್ರಕಟವಾದದ್ದು 1965ರ ಆಗಸ್ಟ್ 15ರಂದು. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಬಳಿಯ ಈಸ್ಟ್ ರ್‍ಯಾಂಡ್ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ಅವರ ಗುಂಪು ಇದೇ ಬೇಟೆಯಲ್ಲಿತ್ತು. ಅವರು ಮೊದಲ ಕಣ ಕಂಡದ್ದು ಫೆಬ್ರವರಿ 23ರಂದು, ಕೋಲಾರದವರಿಗಿಂತ ಮುಂಚೆ. ಆದರೆ ಅವರ ಲೇಖನ ಅಚ್ಚಾದದ್ದು ಆಗಸ್ಟ್ 30ಕ್ಕೆ. ಹದಿನೈದು ದಿನದ ಅಂತರ. ಮೊದಲಿಗರು ಯಾರು ಎಂಬ ವಾದಕ್ಕೆ ಇಳಿಯುವ ಅಗತ್ಯ ನನಗೆ ಕಾಣುವುದಿಲ್ಲ, ಇಬ್ಬರದೂ ನಿಜ. ಐದು ತಿಂಗಳಲ್ಲೇ, 1966ರ ಜನವರಿ 24ರಂದು, ಭಾಭಾ ಮೌಂಟ್ ಬ್ಲಾಂಕ್‌ನ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಕೋಲಾರದ ಮುಂದಿನ ವರ್ಷಗಳು ಇಷ್ಟು ನೇರವಾಗಿಲ್ಲ. ಫಿಲ್ಮುಗಳಲ್ಲಿ ಕೆಲವು ಚಿತ್ರ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಹಲವು ಜಾಡುಗಳು ಒಂದೇ ಬಿಂದುವಿನಿಂದ ಕವಲೊಡೆದಿದ್ದವು. ಆ ಬಿಂದು ಇದ್ದದ್ದು ಬಂಡೆಯಲ್ಲಲ್ಲ, ಬಂಡೆಗೂ ಉಪಕರಣಕ್ಕೂ ನಡುವಿನ ಗಾಳಿಯಲ್ಲಿ ಅಥವಾ ಉಪಕರಣದ ತೆಳು ಭಾಗದಲ್ಲಿ. ಹೊಸ ಕಣವೊಂದು ಅಲ್ಲಿ ಒಡೆದಿರಬಹುದು ಎಂದು ಎಂ.ಆರ್. ಕೃಷ್ಣಸ್ವಾಮಿ ಮತ್ತು ಸಂಗಡಿಗರು 1975ರಲ್ಲಿ ಬರೆದರು. ‘ಕೋಲಾರ ಘಟನೆಗಳು’ ಎಂದೇ ಅವಕ್ಕೆ ಹೆಸರಾಯಿತು. ಬೇರೆಲ್ಲೂ ಅಂಥದ್ದು ಕಾಣಲಿಲ್ಲ.

ಆಮೇಲೆ ಪ್ರೋಟಾನ್ ಒಡೆಯುತ್ತದೆಯೇ ಎಂಬ ಪ್ರಶ್ನೆ. 1980ರಲ್ಲಿ 140 ಟನ್ ತೂಕದ ಕಬ್ಬಿಣದ ಉಪಕರಣ ಕೋಲಾರದಲ್ಲಿ ಕೆಲಸ ಶುರುಮಾಡಿತು, ಈ ಕೆಲಸಕ್ಕೆಂದೇ ಕಟ್ಟಿದ್ದರಲ್ಲಿ ಜಗತ್ತಿನಲ್ಲೇ ಮೊದಲನೆಯದು. ಪ್ರೋಟಾನ್ ಒಡೆದಂತೆ ಕಾಣುವ ಕೆಲವು ಘಟನೆಗಳನ್ನು ಗುಂಪು ಪ್ರಕಟಿಸಿತು. ಅಮೆರಿಕ ಮತ್ತು ಜಪಾನಿನಲ್ಲಿ ನೀರು ತುಂಬಿದ ದೊಡ್ಡ ತೊಟ್ಟಿಗಳು ಬಂದ ಮೇಲೆ ಆ ವಾದ ನಿಲ್ಲಲಿಲ್ಲ. ನ್ಯೂಟ್ರಿನೊ ಡಿಕ್ಕಿಯನ್ನು ಪ್ರೋಟಾನಿನ ಒಡಕಿನಿಂದ ಬೇರ್ಪಡಿಸುವಷ್ಟು ಸೂಕ್ಷ್ಮ ಕಬ್ಬಿಣದ ಪದರಗಳಿಗೆ ಇರಲಿಲ್ಲ ಎಂಬುದು ನನ್ನ ತಿಳುವಳಿಕೆ. 1985ರಲ್ಲಿ 260 ಟನ್ನಿನ ಎರಡನೇ ಉಪಕರಣ ಬಂತು. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಿಗೆ ನೀರು ಏರಿತು.

ಅಷ್ಟು ಹೊತ್ತಿಗೆ ಭೂಗರ್ಭದ ಭೌತವಿಜ್ಞಾನದ ಗುರಿ ಬದಲಾಗಿತ್ತು. ನಕ್ಷತ್ರಪುಂಜಗಳನ್ನು ಹಿಡಿದಿಟ್ಟಿರುವ ಕಾಣದ ವಸ್ತು, ಅಂದರೆ ಕಪ್ಪುದ್ರವ್ಯ, ಕಣಗಳಿಂದಾಗಿದ್ದರೆ ಅದು ಯಾವಾಗಲಾದರೂ ಒಂದು ಪರಮಾಣು ಬೀಜಕ್ಕೆ ಸಣ್ಣಗೆ ತಾಗಬೇಕು. ಆ ತಾಗುವಿಕೆ ಹಿಡಿಯಲು ಆರಿಸಿದ ವಸ್ತು ಮತ್ತೊಂದು ಜಡಾನಿಲ: ಕ್ಸೆನಾನ್. 1898ರಲ್ಲಿ ಲಂಡನ್ನಿನಲ್ಲಿ ರ್‍ಯಾಮ್ಸೆ ಮತ್ತು ಟ್ರಾವರ್ಸ್ ಪತ್ತೆಮಾಡಿದ್ದು. ಗಾಳಿಯಲ್ಲಿ ಕೋಟಿಗೊಂದು ಪಾಲಿನಷ್ಟೂ ಇಲ್ಲ, ಹಾಗಾಗಿ ದುಬಾರಿ. ಮೈನಸ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ದ್ರವವಾಗುತ್ತದೆ. ಆಗ ಅದರ ಸಾಂದ್ರತೆ ನೀರಿನ ಮೂರುಪಟ್ಟು ಹತ್ತಿರ, ಹೆಚ್ಚುಕಡಿಮೆ ಕೋಲಾರದ ಬಂಡೆಯದೇ.

ದ್ರವದೊಳಗೆ ಕಣ ಡಿಕ್ಕಿ ಹೊಡೆದರೆ ಎರಡು ಗುರುತು ಸಿಗುತ್ತವೆ. ಮೊದಲು ಅತಿನೇರಳೆ ಬೆಳಕಿನ ಒಂದು ಮಿಂಚು. ಜೊತೆಗೆ ಕೆಲವು ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. ವಿದ್ಯುತ್ ಕ್ಷೇತ್ರ ಅವನ್ನು ಮೇಲಕ್ಕೆಳೆದು ದ್ರವದ ಮೇಲಿನ ಅನಿಲಕ್ಕೆ ದಾಟಿಸುತ್ತದೆ, ಅಲ್ಲಿ ಇನ್ನೊಂದು, ಹೆಚ್ಚು ಪ್ರಖರವಾದ ಮಿಂಚು. ಎರಡರ ನಡುವಿನ ಸಮಯದಿಂದ ಡಿಕ್ಕಿಯ ಆಳ ಗೊತ್ತಾಗುತ್ತದೆ, ಎರಡರ ಅನುಪಾತದಿಂದ ಪೆಟ್ಟು ಬಿದ್ದದ್ದು ಪರಮಾಣು ಬೀಜಕ್ಕೋ ಸುತ್ತಲಿನ ಎಲೆಕ್ಟ್ರಾನಿಗೋ ಎಂದು ತಿಳಿಯುತ್ತದೆ. ಎಲೆಕ್ಟ್ರಾನಿಗೆ ಬಿದ್ದರೆ ಅದು ಸಾಮಾನ್ಯವಾಗಿ ವಿಕಿರಣದ ಕಾಟ. ಬೀಜಕ್ಕೆ ಬಿದ್ದರೆ ಕಿವಿ ನೆಟ್ಟಗಾಗಬೇಕು.

ತೊಡಕು ಇರುವುದು ಇಲ್ಲೇ. ಬೀಜಕ್ಕೆ ಪೆಟ್ಟು ಬಿದ್ದಾಗ ಶಕ್ತಿಯ ಬಹುಪಾಲು ಅಕ್ಕಪಕ್ಕದ ಬೀಜಗಳನ್ನು ತಳ್ಳುವುದರಲ್ಲೇ ಕಳೆದು ಶಾಖವಾಗಿಬಿಡುತ್ತದೆ. ಬೆಳಕು, ಎಲೆಕ್ಟ್ರಾನ್ ಆಗುವುದು ಸಣ್ಣ ಪಾಲು. ಡೆನ್ಮಾರ್ಕಿನ ಯೆನ್ಸ್ ಲಿಂಡ್‌ಹಾರ್ಡ್ 1963ರಲ್ಲೇ ಇದಕ್ಕೊಂದು ಲೆಕ್ಕ ಕೊಟ್ಟಿದ್ದರು. ಆದರೆ ಶಕ್ತಿ ಕಡಿಮೆಯಾದಷ್ಟೂ ಆ ಲೆಕ್ಕದ ಮೇಲಿನ ಭರವಸೆಯೂ ಕಡಿಮೆ. ಒಂದು ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಪೂರ್ತಿಯಾಗಿ ಸಂಕೇತವಾದರೆ ಬೆಳಕಿನ ಕಣ, ಎಲೆಕ್ಟ್ರಾನ್ ಎರಡೂ ಸೇರಿ ಎಪ್ಪತ್ತರಷ್ಟು ಸಿಗಬೇಕು. ಕ್ಸೆನಾನ್ ಬೀಜದ ಪೆಟ್ಟಿನಲ್ಲಿ ಸಿಗುವುದು ಹತ್ತು ಹದಿನೈದು. ಬೆಳಕಿನ ಕಣಗಳಲ್ಲಿ ಹತ್ತಕ್ಕೊಂದು ಕೊಳವೆಗೆ ತಲುಪಿದರೆ ಪುಣ್ಯ. ಇನ್ನೂ ಕೆಳಗೆ ಹೋದರೆ? ಏನೂ ಸಿಗದೆಯೂ ಇರಬಹುದು.

2010ರಲ್ಲಿ ಇದು ಬಹಿರಂಗ ಜಗಳವಾಯಿತು. ಆ ವರ್ಷದ ಆರಂಭದಲ್ಲಿ ಅಮೆರಿಕದ ಮಿನ್ನೆಸೋಟದ ಸೂಡನ್ ಗಣಿಯೊಳಗಿನ ಕೋಜೆಂಟ್ ಎಂಬ ಜರ್ಮೇನಿಯಂ ಪ್ರಯೋಗ ಹತ್ತು ಪ್ರೋಟಾನ್‌ಗಿಂತ ಹಗುರವಾದ ಕಪ್ಪುದ್ರವ್ಯ ಕಣದ ಸುಳಿವು ಕಂಡಂತಿದೆ ಎಂದಿತು. ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದಡಿ ಎಲೆನಾ ಅಪ್ರಿಲೆ ಅವರ ಕ್ಸೆನಾನ್-100 ಹನ್ನೊಂದು ದಿನ ನೋಡಿ ಸೊನ್ನೆ ವರದಿ ಮಾಡಿತು. ಅಂದರೆ ಅಂಥ ಕಣ ಇಲ್ಲ. ಕೋಜೆಂಟ್‌ನ ಮುಖ್ಯಸ್ಥ ಹುವಾನ್ ಕೊಲಾರ್ (ಹೆಸರು ನಮ್ಮ ಊರಿಗೆ ಹತ್ತಿರ, ಸಂಬಂಧವೇನಿಲ್ಲ) ಮತ್ತು ಯೇಲ್‌ನ ಡ್ಯಾನ್ ಮೆಕಿನ್ಸಿ ತಕರಾರು ತೆಗೆದರು. ಅಷ್ಟು ಹಗುರವಾದ ಕಣ ಕ್ಸೆನಾನ್ ಬೀಜಕ್ಕೆ ಕೊಡುವ ಪೆಟ್ಟು ಹೆಚ್ಚಾಗಿ ಐದು ಕಿಲೋ ಎಲೆಕ್ಟ್ರಾನ್ ವೋಲ್ಟ್ ಕೂಡ ಮೀರದು. ಆ ಮಟ್ಟದಲ್ಲಿ ಕ್ಸೆನಾನ್ ಎಷ್ಟು ಬೆಳಕು ಕೊಡುತ್ತದೆ ಎಂದು ಸರಿಯಾಗಿ ಅಳೆದವರೇ ಇಲ್ಲ. ಮೇಲಿನ ಶಕ್ತಿಯ ಅಳತೆಯನ್ನೇ ಗೆರೆ ಎಳೆದು ಕೆಳಕ್ಕೆ ಮುಂದುವರಿಸಿದ್ದೀರಿ. ನಿಮ್ಮ ಸೊನ್ನೆ ಬರೀ ಕಿವುಡುತನವಿರಬಹುದು. ಕೊಲಾರ್ ತಮ್ಮ ಪ್ರಯೋಗದ ಪರವಾಗಿಯೇ ವಾದಿಸುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಪ್ರಶ್ನೆ ನ್ಯಾಯವಾದದ್ದೇ.

ಉತ್ತರ ವಾದದಿಂದ ಬರುವಂಥದ್ದಾಗಿರಲಿಲ್ಲ, ಅಳತೆಯಿಂದ ಬರಬೇಕಿತ್ತು. ಕಪ್ಪುದ್ರವ್ಯವನ್ನು ತಂದು ಪರೀಕ್ಷಿಸಲಾಗದು, ಆದರೆ ನ್ಯೂಟ್ರಾನ್ ಇದೆ. ಅದಕ್ಕೂ ವಿದ್ಯುದಾವೇಶವಿಲ್ಲ, ಅದೂ ಬೀಜಕ್ಕೇ ತಾಗುತ್ತದೆ. ಗೋಲಿ ಆಟದಲ್ಲಿ ಹೊಡೆದ ಗೋಲಿ ಎಷ್ಟು ಓರೆಯಾಗಿ ತಿರುಗಿತು ಎಂದು ನೋಡಿದರೆ ತಾಗಿಸಿಕೊಂಡ ಗೋಲಿಗೆ ಎಷ್ಟು ಪೆಟ್ಟಾಯಿತೆಂದು ಹೇಳಬಹುದಲ್ಲ, ಹಾಗೆಯೇ ಇಲ್ಲಿ. ಡ್ಯೂಟೀರಿಯಂ ಬೀಜಗಳನ್ನು ಬೆಸೆದರೆ 2.45 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್ ಹೊರಬರುತ್ತದೆ. ಅದು ಕ್ಸೆನಾನಿಗೆ ನೇರ ಬಡಿದರೂ ಕೊಡಬಲ್ಲದ್ದು ಹೆಚ್ಚೆಂದರೆ 74 ಕಿಲೋ ಎಲೆಕ್ಟ್ರಾನ್ ವೋಲ್ಟ್, ಒಂದಿಷ್ಟು ಸವರಿ ಹೋದರೆ ಎರಡೋ ಮೂರೋ. ಸಣ್ಣ ಕ್ಸೆನಾನ್ ಪಾತ್ರೆಯ ಸುತ್ತ ಗೊತ್ತಾದ ಕೋನಗಳಲ್ಲಿ ನ್ಯೂಟ್ರಾನ್ ಹಿಡಿಯುವ ಉಪಕರಣಗಳನ್ನಿಟ್ಟರೆ ಪ್ರತಿ ಡಿಕ್ಕಿಯ ಶಕ್ತಿ ಲೆಕ್ಕಕ್ಕೆ ಸಿಗುತ್ತದೆ, ಬೆಳಕು ಕಣ್ಣೆದುರೇ ಇರುತ್ತದೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಗಿಯೋಮ್ ಪ್ಲಾಂಟ್ ಮತ್ತು ಸಂಗಡಿಗರು ಹೀಗೆ ಅಳೆದು 2011ರಲ್ಲಿ ಪ್ರಕಟಿಸಿದರು. ಕೋಬಾಲ್ಟ್-57ರ ಗಾಮಾ ಕಿರಣ ಕೊಡುವ ಬೆಳಕಿಗೆ ಹೋಲಿಸಿದರೆ ಬೀಜದ ಪೆಟ್ಟಿನ ಬೆಳಕು 15 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ 0.144 ಪಾಲು, 3ರಲ್ಲಿ 0.088 ಪಾಲು. ಬೆಳಕು ಇಳಿಯುತ್ತದೆ, ಆರಿಹೋಗುವುದಿಲ್ಲ. ಎರಡೂ ಪಕ್ಷಕ್ಕೆ ಅರ್ಧರ್ಧ ಗೆಲುವು ಎನ್ನಬಹುದು.

ಇದಕ್ಕಿಂತ ಚೆಂದದ ಕೆಲಸ ನಡೆದದ್ದು ಅಮೆರಿಕದ ದಕ್ಷಿಣ ಡಕೋಟದ ಹೋಮ್‌ಸ್ಟೇಕ್‌ನಲ್ಲಿ. ಅದೂ ಚಿನ್ನದ ಗಣಿ. 1960ರ ದಶಕದಿಂದ ಅಲ್ಲಿ ರೇ ಡೇವಿಸ್ ಸೂರ್ಯನ ನ್ಯೂಟ್ರಿನೊ ಎಣಿಸುತ್ತಿದ್ದರು. ಅದೂ ಕೋಲಾರದ ಹಿಂದೆಯೇ, 2002ರಲ್ಲಿ ಮುಚ್ಚಿತು. ಅಲ್ಲೂ ಪಂಪು ನಿಂತು ನೀರು ಏರಿತು. ಆದರೆ ಗಣಿ ಕಂಪನಿ ಜಾಗವನ್ನು ರಾಜ್ಯಕ್ಕೆ ಬಿಟ್ಟುಕೊಟ್ಟಿತು, ನೀರು ಎತ್ತಿಸಿದರು, 1,478 ಮೀಟರ್ ಆಳದಲ್ಲಿ, ಡೇವಿಸ್ ಕೆಲಸ ಮಾಡಿದ ಗವಿಯಲ್ಲೇ, 370 ಕಿಲೋ ಕ್ಸೆನಾನಿನ ಲಕ್ಸ್ ಪ್ರಯೋಗ ಕೂತಿತು. ಅದರ ಮುಂದಾಳುಗಳಲ್ಲೊಬ್ಬರು 2010ರಲ್ಲಿ ತಕರಾರು ತೆಗೆದ ಅದೇ ಮೆಕಿನ್ಸಿ.

2013ರ ಅಕ್ಟೋಬರಿನಲ್ಲಿ ಮೊದಲ ಫಲಿತಾಂಶ ಹೇಳುವಾಗ ಲಕ್ಸ್ ತಂಡ ಎಚ್ಚರ ವಹಿಸಿತು: 3 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗೆ ನಮಗೆ ಏನೂ ಕೇಳಿಸುವುದಿಲ್ಲ ಎಂದೇ ಇಟ್ಟುಕೊಳ್ಳಿ ಎಂದಿತು. ಆಮೇಲೆ ಉಪಕರಣ ಮುಳುಗಿದ್ದ ನೀರಿನ ತೊಟ್ಟಿಯೊಳಗೆ ಗಾಳಿ ತುಂಬಿದ ಕೊಳವೆ ಇಟ್ಟು ಆ ದಾರಿಯಲ್ಲಿ ನ್ಯೂಟ್ರಾನ್ ಕಳಿಸಿದರು. ಒಂದೇ ನ್ಯೂಟ್ರಾನ್ ಕ್ಸೆನಾನಿನಲ್ಲಿ ಎರಡು ಕಡೆ ತಾಗಿದ್ದನ್ನು ಆರಿಸಿಕೊಂಡರು. ಎರಡು ಜಾಗ ಗೊತ್ತಾದರೆ ತಿರುಗಿದ ಕೋನ ಗೊತ್ತು, ಕೋನದಿಂದ ಮೊದಲ ಪೆಟ್ಟಿನ ಶಕ್ತಿ ಗೊತ್ತು. ಪಕ್ಕದ ಸಣ್ಣ ಪಾತ್ರೆ ಬೇಡ, ಪ್ರಯೋಗದ ಉಪಕರಣವೇ ತನ್ನನ್ನು ತಾನು ಅಳೆದುಕೊಂಡಿತು. ಎಲೆಕ್ಟ್ರಾನ್‌ಗಳ ಎಣಿಕೆ 0.7 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ, ಬೆಳಕಿನದು 1.1ರವರೆಗೆ ಸಿಕ್ಕಿತು. ಎಲೆಕ್ಟ್ರಾನಿಗೆ ಬೀಳುವ ಪೆಟ್ಟಿನ ಅಳತೆಗೆ ಟ್ರಿಟಿಯಂ ಸೇರಿಸಿದ ಮೀಥೇನ್ ಅನಿಲವನ್ನು ಕ್ಸೆನಾನಿಗೇ ಬೆರೆಸಿ, ಕೆಲಸ ಮುಗಿದ ಮೇಲೆ ಸೋಸಿ ತೆಗೆದರು. 2015ರ ಕೊನೆಗೆ 2013ರ ಹಳೆಯ ದತ್ತಾಂಶವನ್ನೇ ಈ ಹೊಸ ಅಳತೆ ಇಟ್ಟುಕೊಂಡು ಮತ್ತೆ ಓದಿದಾಗ ಹಗುರ ಕಣಗಳ ವಿಷಯದಲ್ಲಿ ಅದರ ಮಾತಿಗೆ ಹಿಂದೆಂದಿಗಿಂತ ತೂಕ ಬಂತು. ಸೊನ್ನೆ ಸೊನ್ನೆಯೇ ಆಗಿತ್ತು. ಈಗ ಅದನ್ನು ನಂಬಬಹುದಿತ್ತು. ಕೋಜೆಂಟ್‌ನ ಸುಳಿವು ಅಷ್ಟರಲ್ಲಿ ಕರಗಿತ್ತು.

ಅಳತೆ ಇನ್ನೂ ಕೆಳಕ್ಕಿಳಿಯಿತು. ಲಿವರ್‌ಮೋರ್ ಪ್ರಯೋಗಾಲಯದ ಗುಂಪೊಂದು 2019ರಲ್ಲಿ 0.3 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಹೋಯಿತು. ಯಿಟ್ರಿಯಂ ಮತ್ತು ಬೆರಿಲಿಯಂ ಜೋಡಿಯಿಂದ ಬರುವ 152 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ನಿಧಾನ ನ್ಯೂಟ್ರಾನುಗಳು ಬಳಕೆಗೆ ಬಂದವು, ಅವುಗಳ ಪೆಟ್ಟು ಎಂದೂ 5 ದಾಟದು. ಈ ಶ್ರಮದ ಪ್ರತಿಫಲ 2024ರಲ್ಲಿ ಕಂಡಿತು. ಸೂರ್ಯನ ಗರ್ಭದಲ್ಲಿ ಬೋರಾನ್-8ರಿಂದ ಹೊರಟ ನ್ಯೂಟ್ರಿನೊಗಳು ಕ್ಸೆನಾನ್ ಬೀಜಗಳಿಗೆ ಇಡಿಯಾಗಿ ತಾಗಿದ ಮೊದಲ ಸುಳಿವನ್ನು ಇಟಲಿಯ ಕ್ಸೆನಾನ್-ಎನ್‌ಟಿ ಮತ್ತು ಚೀನದ ಪಾಂಡಾ-ಎಕ್ಸ್ ಒಂದೇ ಹೊತ್ತಿಗೆ ಹೇಳಿದವು. ಇಟಲಿಯದರಲ್ಲಿ ಕಂಡದ್ದು 37 ಘಟನೆ, ಬರೀ ಕಾಟದಿಂದಲೇ ನಿರೀಕ್ಷೆಯಿದ್ದದ್ದು ಸುಮಾರು 26. ಕೆಳಮಟ್ಟದ ಅಳತೆ ಇರದಿದ್ದರೆ ಆ ಹನ್ನೊಂದರ ವ್ಯತ್ಯಾಸಕ್ಕೆ ಯಾವ ಅರ್ಥವೂ ಇರುತ್ತಿರಲಿಲ್ಲ.

ಈ ನಡುವೆ ಕೋಲಾರವೂ ಒಮ್ಮೆ ಚರ್ಚೆಗೆ ಮರಳಿತು. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆ ಹಳೆಯ ‘ಕೋಲಾರ ಘಟನೆಗಳು’ ಒಡೆದುಹೋಗುವ ಕಪ್ಪುದ್ರವ್ಯದ ಕಣಗಳಿರಬಹುದೇ ಎಂದು ಕೇಳಿದರು. ತೂಕ ಐದರಿಂದ ಹತ್ತು ಪ್ರೋಟಾನಿನಷ್ಟು, 2010ರ ಜಗಳ ನಡೆದ ಅದೇ ಹಗುರ ವಲಯ. ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ, ಐದಾರು ಚಿತ್ರಗಳ ಮೇಲೆ ಅಷ್ಟು ದೊಡ್ಡ ಮನೆ ಕಟ್ಟುವುದು ಕಷ್ಟ. ಆದರೆ ತೀರ್ಮಾನ ಮಾಡುವ ಸರಿಯಾದ ದಾರಿ ಅದೇ ಆಳದಲ್ಲಿ, ಸಾಕಷ್ಟು ಖಾಲಿ ಜಾಗವಿರುವ ಗವಿಯಲ್ಲಿ, ಹೊಸ ಉಪಕರಣ ಇಟ್ಟು ನೋಡುವುದು.

ಅಂಥ ಆಳ ಈಗ ನಮ್ಮ ಕೈಯಲ್ಲಿಲ್ಲ. ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ 2017ರಲ್ಲಿ ತೆರೆದ ಪ್ರಯೋಗಾಲಯ 555 ಮೀಟರ್ ಆಳದ್ದು. ತಮಿಳುನಾಡಿನ ಬೆಟ್ಟದಡಿ ಯೋಜಿಸಿದ್ದ ನ್ಯೂಟ್ರಿನೊ ವೀಕ್ಷಣಾಲಯ ವಿರೋಧದಲ್ಲಿ ಸಿಕ್ಕಿ ನಿಂತಿದೆ. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ಬಯಲಿದೆ, ಅಲ್ಲಿ ಇಂಥ ಉಪಕರಣ ಕಟ್ಟಿ ಪರೀಕ್ಷಿಸಬಹುದು, ಹೂಳಲಾಗದು. ಚೀನದವರು ಜಿನ್‌ಪಿಂಗ್‌ನಲ್ಲಿ ಪಾಂಡಾ-ಎಕ್ಸ್ ಇಟ್ಟಿರುವುದು ಸುಮಾರು 2.4 ಕಿಲೋಮೀಟರ್ ಬಂಡೆಯಡಿ, ಕೋಲಾರದ ಗವಿಯಷ್ಟೇ ಆಳ. ಚಿನ್ನ ಅಗೆಯುವುದು ಗಿಟ್ಟಲಿಲ್ಲ ಎಂದು ಗಣಿ ಮುಚ್ಚಿದ್ದಕ್ಕೆ ಲೆಕ್ಕಪತ್ರದ ಕಾರಣವಿತ್ತು. ಹೋಮ್‌ಸ್ಟೇಕ್ ಕಣ್ಣೆದುರಿಗಿದ್ದೂ ಒಂದು ಶಾಫ್ಟನ್ನಾದರೂ ವಿಜ್ಞಾನಕ್ಕೆಂದು ಒಣಗಿಸಿ ಇಟ್ಟುಕೊಳ್ಳದಿದ್ದದ್ದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.